ಪಟ್ಟಿಯಲ್ಲಿರುವವರ ಸಾಲುಗಳು ಮಾತ್ರ ಬೇಕು, ಎಲ್ಲ ಕಡೆ ಎನ್‌ಎ ಬರುತ್ತಿದೆ

ಚಾಲಿಲೆಕ್ಕ (ಶಿರಸಿ):
ತಲೆ ಕೆಟ್ಟುಹೋಗಿದೆ. ಎಕ್ಸೆಲ್‌ನ ಒಂದು ಶೀಟ್‌ನಲ್ಲಿ ನಮ್ಮೂರಿನವರ ಅಡಿಕೆ ವ್ಯಾಪಾರ ಇದೆ. ತಾರೀಕು, ಸದಸ್ಯ ಸಂಖ್ಯೆ, ಬಗೆ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು), ತೂಕ, ದರ. ಇನ್ನೊಂದರಲ್ಲಿ ಕೊಳೆರೋಗದಿಂದ ಬೆಳೆ ಕಳೆದುಕೊಂಡವರ ಪಟ್ಟಿ, ಬರೀ ಸದಸ್ಯ ಸಂಖ್ಯೆ. ಎರಡಕ್ಕೂ ಲಿಂಕ್ ಇಲ್ಲ. ಈ ಪಟ್ಟಿಯವರ ವ್ಯಾಪಾರವಷ್ಟೇ ಬೇಕು. ಹುಡುಕಲು ಮ್ಯಾಚ್ ಫಂಕ್ಷನ್ ಹಾಕಿದರೆ ಎಲ್ಲ ಸಾಲಿಗೂ ಎನ್‌ಎ, ಅಂದರೆ ಸಿಗಲಿಲ್ಲ ಅಂತ. ಸಂಖ್ಯೆ ಎರಡೂ ಕಡೆ ಕಣ್ಣೆದುರೇ ಇದೆ! ಅರ್ಜಿ ಜೊತೆ ಕೊಡಬೇಕು, ಬೇಗ ಹೇಳಿ.

ಅಘನಾಶಿನಿ_ದಡ:
ಸಂಖ್ಯೆಯ ಹಿಂದೆಮುಂದೆ ಸ್ಪೇಸ್ ಇರುತ್ತದೆ. ಅದನ್ನು ತೆಗೆಯುವ ಟ್ರಿಮ್ ಫಂಕ್ಷನ್ ಹಾಕಿ.

ಚಾಲಿಲೆಕ್ಕ:
ಪಟ್ಟಿಗೆ ಟ್ರಿಮ್ ಹಾಕಿದೆ. ಅದೇ ಕಥೆ.

ಅಘನಾಶಿನಿ_ದಡ:
ಹಾಗಾದರೆ ಅದು ಮಾಮೂಲಿ ಸ್ಪೇಸ್ ಅಲ್ಲ. ವೆಬ್‌ನಿಂದ ಬಂದ, ಕೋಡ್ ಸಂಖ್ಯೆ 160 ಇರುವ ಬೇರೆ ಬಗೆಯ ಸ್ಪೇಸ್, ಟ್ರಿಮ್‌ಗೆ ಹೋಗುವುದಿಲ್ಲ. ಮೊದಲು ಅದನ್ನು ಬದಲಿಸುವ ಸಬ್‌ಸ್ಟಿಟ್ಯೂಟ್ ಫಂಕ್ಷನ್, ಆಮೇಲೆ ಟ್ರಿಮ್.

ಬೈತಖೋಲ_ಬಂದರು:
ಇಷ್ಟೆಲ್ಲ ಯಾಕೆ? ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕೊಡುವ ಫಿಲ್ಟರ್ ಫಂಕ್ಷನ್ ಹಾಕಿ, ಒಂದೇ ಸಾಲಿನ ಕೆಲಸ. ಹುಡುಕುವ ಹಳೇ ಫಂಕ್ಷನ್ ವಿಲುಕಪ್ ಕಾಲ ಮುಗಿಯಿತು.

ಘಟ್ಟದಮೇಲೆ:
ವಿಲುಕಪ್ ಮಾತು ಇಲ್ಲಿ ಯಾರೂ ಎತ್ತಿಲ್ಲ. ಹಳೇ ಆಫೀಸ್ ಇರುವವರು ಏನು ಮಾಡಬೇಕು? ಲಿಬ್ರೆ ಆಫೀಸ್ 24.8ರಿಂದ ಫಿಲ್ಟರ್ ಪುಕ್ಕಟೆ ಸಿಗುತ್ತದೆ, ಅದನ್ನಾದರೂ ಹೇಳಿ.

ಬೈತಖೋಲ_ಬಂದರು:
ನನ್ನದು ಮೈಕ್ರೋಸಾಫ್ಟ್ 365. ಎರಡು 27 ಇಂಚಿನ ಮಾನಿಟರ್, ಒಂದರಲ್ಲಿ ಬೋಟಿನ ಡೀಸೆಲ್ ಲೆಕ್ಕ, ಇನ್ನೊಂದರಲ್ಲಿ ಬಾಂಗಡೆ ಹರಾಜು. ಕರೆಂಟ್ ಹೋದರೂ ಯುಪಿಎಸ್ ಇದೆ. ಒಮ್ಮೆ ಹೀಗೆ ಇಟ್ಟುಕೊಂಡರೆ ಕೆಲಸ ಸಲೀಸು.

ಚಾಲಿಲೆಕ್ಕ:
ಫಿಲ್ಟರ್ ಬರೆದರೆ ನೇಮ್ ಎರರ್, ಆ ಹೆಸರಿನ ಫಂಕ್ಷನ್ ಗೊತ್ತಿಲ್ಲ ಅಂತ. ನನ್ನದು ಎಕ್ಸೆಲ್ 2016.

ಅಘನಾಶಿನಿ_ದಡ:
ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ? ಆದರೂ ನಾನು ಹೇಳುವುದು ಸ್ಪೇಸೇ. ಲೆನ್ ಹಾಕಿ ಉದ್ದ ನೋಡಿ.

ಚಾಲಿಲೆಕ್ಕ:
ಎರಡೂ ಕಡೆ 3.

ಮೈಲುತುತ್ತ:
ಸ್ಪೇಸ್ ಬಿಡಿ. ಆ ಪಟ್ಟಿ ಎಲ್ಲಿಂದ ಬಂತು? ಸಂಖ್ಯೆ ಸೆಲ್‌ನ ಎಡಕ್ಕೆ ಅಂಟಿದೆಯಾ, ಬಲಕ್ಕಾ?

ಚಾಲಿಲೆಕ್ಕ:
ವಾಟ್ಸಾಪ್‌ನಲ್ಲಿ ಬಂದದ್ದನ್ನು ಟೆಕ್ಸ್ಟ್ ಕಾಲಮ್‌ಗೆ ಪೇಸ್ಟ್ ಮಾಡಿದ್ದು. ಪಟ್ಟಿಯಲ್ಲಿ ಎಡಕ್ಕೆ, ವ್ಯಾಪಾರದಲ್ಲಿ ಬಲಕ್ಕೆ.

ಮೈಲುತುತ್ತ:
ಅಲ್ಲೇ ಇದೆ. ಉದಾಹರಣೆಗೆ ಪಟ್ಟಿಯಲ್ಲಿರುವ 142 ಅನ್ನು ಎಕ್ಸೆಲ್ ಅಕ್ಷರ (ಟೆಕ್ಸ್ಟ್) ಅಂತ ಇಟ್ಟಿದೆ, ವ್ಯಾಪಾರದಲ್ಲಿರುವ 142 ಅನ್ನು ಸಂಖ್ಯೆ ಅಂತ. ಮ್ಯಾಚ್‌ಗೆ ಅವೆರಡು ಬೇರೆ ಬೇರೆ. ಟ್ರಿಮ್ ಕೊಡುವುದೂ ಅಕ್ಷರವೇ, ಅದಕ್ಕೇ ಏನೂ ಬದಲಾಗಲಿಲ್ಲ. ಎಷ್ಟು ಸಲ ಇದೆ ಎಂದು ಎಣಿಸುವ ಕೌಂಟ್‌ಇಫ್ ಈ ಭೇದ ಮಾಡುವುದಿಲ್ಲ. ವ್ಯಾಪಾರದ ಶೀಟ್‌ನ ಕೊನೆಗೆ ಒಂದು ಕಾಲಮ್ ಸೇರಿಸಿ ಕೌಂಟ್‌ಇಫ್ ಬರೆಯಿರಿ. ಮೊದಲು ಪಟ್ಟಿಯ ಇಡೀ ಕಾಲಮ್ (ಡಾಲರ್ ಗುರುತಿನಿಂದ ಲಾಕ್ ಮಾಡಿ), ಆಮೇಲೆ ಆ ಸಾಲಿನ ಸದಸ್ಯ ಸಂಖ್ಯೆ. ಕೆಳಗಿನವರೆಗೂ ಎಳೆದು, ಸೊನ್ನೆಗಿಂತ ಜಾಸ್ತಿ ಇರುವ ಸಾಲುಗಳನ್ನು ಆಟೋಫಿಲ್ಟರ್‌ನಲ್ಲಿ ಆರಿಸಿ. ಪಟ್ಟಿಯಲ್ಲಿ ಒಬ್ಬರು ಎರಡು ಸಲ ಇದ್ದರೂ ವ್ಯಾಪಾರದ ಸಾಲು ಎರಡಾಗುವುದಿಲ್ಲ.

ಬೈತಖೋಲ_ಬಂದರು:
365 ಇದ್ದವರು ಇದೇ ಕೌಂಟ್‌ಇಫ್ ಅನ್ನು ಫಿಲ್ಟರ್‌ನ ಶರತ್ತಿನ ಜಾಗದಲ್ಲಿ ಇಡಬಹುದು. ಆಗ ಎರಡನೇ ಜಾಗಕ್ಕೆ ವ್ಯಾಪಾರದ ಪೂರ್ತಿ ಕಾಲಮ್ ಕೊಡಿ. ಅದಲುಬದಲಾದರೆ ಉದ್ದ ಹೊಂದದೆ ವ್ಯಾಲ್ಯೂ ಎರರ್ ಬರುತ್ತದೆ.

ಘಟ್ಟದಮೇಲೆ:
ಕೌಂಟ್‌ಇಫ್‌ಗೆ 042, 42 ಎರಡೂ ಒಂದೇ. ಉದ್ದದ ಬ್ಯಾಂಕ್ ಖಾತೆ ನಂಬರ್ ಆದರೆ ಮೊದಲ 15 ಅಂಕಿ ಮಾತ್ರ ನೋಡುತ್ತದೆ. ಖಾತೆ ನಂಬರ್ ಹೋಲಿಸಲು ಇದನ್ನು ಬಳಸಲೇಬೇಡಿ, ಯಾರದೋ ದುಡ್ಡು ಯಾರಿಗೋ ಹೋದೀತು.

ಚಾಲಿಲೆಕ್ಕ:
ಬಂತು ಬಂತು! ಪಟ್ಟಿಯವರೆಲ್ಲ ಬಂದರು, ಪಾಲಾದ ಮನೆಗಳು ಬಿಟ್ಟು. ಅವರ ಸಂಖ್ಯೆ 12/3 ಅಂತ ಬರೆಯುವುದು. ವ್ಯಾಪಾರದ ಶೀಟ್‌ನಲ್ಲಿ ಅದು 12-ಮಾರ್ಚ್ ಅಂತ ಕಾಣುತ್ತಿದೆ.

ಮೈಲುತುತ್ತ:
ಎಕ್ಸೆಲ್ ಅದನ್ನು ತಾರೀಕು ಮಾಡಿಬಿಟ್ಟಿದೆ. ಈಗ ಫಾರ್ಮ್ಯಾಟ್ ಬದಲಿಸಿದರೆ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ. ಕಾಲಮ್ ಅನ್ನು ಮೊದಲು ಟೆಕ್ಸ್ಟ್ ಮಾಡಿ, ಆ ಮನೆಗಳ ಸಂಖ್ಯೆಯನ್ನು ಪುಸ್ತಕ ನೋಡಿ ಹೊಸದಾಗಿ ಬರೆಯಿರಿ. ಬರೆಯುವಾಗ ಓರೆಗೆರೆ ಬೇಡ, 12ಅ, 12ಆ ಅಂತ ಇಡಿ, ಎರಡೂ ಶೀಟ್‌ನಲ್ಲಿ.

ಅಘನಾಶಿನಿ_ದಡ:
ಅಂದ ಹಾಗೆ ಈ ವರ್ಷ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದಿರಿ? ನಮ್ಮ ಕಡೆ ಮಳೆ ಬಿಡುವೇ ಕೊಡಲಿಲ್ಲ.

ಘಟ್ಟದಮೇಲೆ:
100 ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ ಸರಿಯಾಗಿ ಹಾಕಿ, ಮಳೆಗಾಲ ಶುರುವಾಗುವ ಮೊದಲೇ ಮೊದಲ ಸಲದ್ದು ಹೊಡೆಯಬೇಕು. ತಡವಾದರೆ ಕೊಳೆ ಹಿಡಿಯುವುದು ಕಷ್ಟ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.