ಟೆರಾಗ್ರಾಂ ಎಂಬಲ್ಲಿ ಕೋಟಿ ಕ್ವಿಂಟಲ್ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಭತ್ತದ ಗದ್ದೆಗಳಿಂದ ಹೊರಬೀಳುವ ಮೀಥೇನ್ ಅನಿಲದ ಬಗೆಗಿನ ಲೇಖನವೊಂದನ್ನು, ರೈತರು ಓದುವ ಮಾಸಿಕಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಜಗತ್ತಿನ ಗದ್ದೆಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 30 ಟೆರಾಗ್ರಾಂ ಮೀಥೇನ್ ಬಿಡುತ್ತವೆ ಎಂದು ಮೂಲದಲ್ಲಿದೆ. ಆ ಪದವನ್ನು ಹಾಗೆಯೇ ಇಳಿಸಿ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಗ್ರಾಂ ಎಂದೊಡನೆ ನಮಗೆ ನೆನಪಾಗುವುದು ಅಕ್ಕಸಾಲಿಗರ ತಕ್ಕಡಿ. ಅದರ ಹಿಂದೆ ಟೆರಾ ಸೇರಿಸಿದ ಮಾತ್ರಕ್ಕೆ ಅದು ಲಾರಿಗಟ್ಟಲೆ ತೂಕವಾಗಿ ಓದುಗರಿಗೆ ಕಾಣುವುದಿಲ್ಲ.

ಕಾಗದ ಹಿಡಿದು ಲೆಕ್ಕ ಹಾಕಿದೆ. ಟೆರಾ ಎಂದರೆ ಒಂದರ ಮುಂದೆ 12 ಸೊನ್ನೆ. ಅಷ್ಟು ಗ್ರಾಂ ಎಂದರೆ 100 ಕೋಟಿ ಕಿಲೋ, ಅಂದರೆ 10 ಲಕ್ಷ ಟನ್. ಕ್ವಿಂಟಲ್‌ಗೆ 100 ಕಿಲೋ ತಾನೆ? ಹಾಗಾದರೆ ಒಂದು ಟೆರಾಗ್ರಾಂ ಸರಿಯಾಗಿ ಒಂದು ಕೋಟಿ ಕ್ವಿಂಟಲ್. ಒಂದು ಕಿಲೋ ಹೆಚ್ಚಿಲ್ಲ, ಒಂದು ಕಿಲೋ ಕಡಿಮೆಯಿಲ್ಲ. ಇದನ್ನು ಕಂಡಾಗ ನನಗಾದ ಸಂತೋಷ ದೊಡ್ಡದು. ದೇಶದ 2022-23ರ ಆಹಾರಧಾನ್ಯ ಉತ್ಪಾದನೆಯನ್ನು ಸರ್ಕಾರ 3296.87 ಲಕ್ಷ ಟನ್ ಎಂದು ಕೊಟ್ಟಿದೆ. ವಿಜ್ಞಾನಿಗಳ ಬರಹದಲ್ಲಿ ಅದು ಸುಮಾರು 329.7 ಟೆರಾಗ್ರಾಂ, ನಮ್ಮ ಮಾತಿನಲ್ಲಿ 329.7 ಕೋಟಿ ಕ್ವಿಂಟಲ್. ಅಂಕಿ ಬದಲಾಗುವುದೇ ಇಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಬೆಂಬಲ ಬೆಲೆಯನ್ನು ಘೋಷಿಸುವುದೂ ಎಪಿಎಂಸಿಯಲ್ಲಿ ದರ ಕೂಗುವುದೂ ಕ್ವಿಂಟಲ್ ಲೆಕ್ಕದಲ್ಲೇ ಆದ್ದರಿಂದ ಈ ಅಳತೆ ರೈತರ ಕೈಗೆ ಪಳಗಿದ್ದು. ಅಂದಮೇಲೆ 30 ಟೆರಾಗ್ರಾಂ ಎಂಬಲ್ಲಿ ‘30 ಕೋಟಿ ಕ್ವಿಂಟಲ್’ ಎಂದು ಬರೆದರೆ ತಪ್ಪೇನು? ಅನಿಲವನ್ನು ಯಾರಾದರೂ ಕ್ವಿಂಟಲ್‌ನಲ್ಲಿ ತೂಗುತ್ತಾರೆಯೇ ಎಂದು ಸ್ನೇಹಿತರೊಬ್ಬರು ಕೇಳಿದರು. ಅಡುಗೆ ಅನಿಲದ ಸಿಲಿಂಡರನ್ನು 14.2 ಕಿಲೋ ಎಂದೇ ಕೊಳ್ಳುವ ನಮಗೆ ಅದು ಅಷ್ಟು ವಿಚಿತ್ರವಾಗಿ ತೋರಲಾರದು ಎಂಬುದು ನನ್ನ ನಂಬಿಕೆ.

ಪೆಟಾಗ್ರಾಂ ಇದರ ಸಾವಿರ ಪಟ್ಟು. ಗಿಗಾಟನ್ ಎಂದರೂ ಅದೇ. ಅದಕ್ಕೆ ‘100 ಕೋಟಿ ಟನ್’ ಸಾಕು.

ನಿಜವಾದ ಅಪಾಯವಿರುವುದು ಮೆಗಾ ಎಂಬಲ್ಲಿ. ಮೆಗಾಗ್ರಾಂ ಎಂದರೆ 10 ಲಕ್ಷ ಗ್ರಾಂ, ಅಂದರೆ ಬರೀ ಒಂದು ಟನ್. ಮೆಗಾಟನ್ ಎಂದರೆ 10 ಲಕ್ಷ ಟನ್. ನೋಡಲು ಅಕ್ಕತಂಗಿಯರಂತಿದ್ದರೂ ಒಂದು ಇನ್ನೊಂದರ 10 ಲಕ್ಷ ಪಟ್ಟು. ಇಂಗ್ಲಿಷ್ ಸಂಕ್ಷೇಪದಲ್ಲಿ ಇನ್ನೊಂದು ಕುಣಿಕೆಯಿದೆ: ಎಂ ದೊಡ್ಡಕ್ಷರವಾದರೆ ಮೆಗಾಗ್ರಾಂ, ಚಿಕ್ಕಕ್ಷರವಾದರೆ ಮಿಲಿಗ್ರಾಂ. ಹಿಂದೆ ನನ್ನ ಕೈಗೆ ಬಂದ ಒಂದು ಬೇಸಾಯ ಕೈಪಿಡಿಯಲ್ಲಿ ‘ಹೆಕ್ಟೇರಿಗೆ 10 ಮಿಲಿಗ್ರಾಂ ಕೊಟ್ಟಿಗೆ ಗೊಬ್ಬರ’ ಎಂದು ಅಚ್ಚಾಗಿತ್ತು. ಹತ್ತು ಮಿಲಿಗ್ರಾಂ ಎಂದರೆ ಮೂರು ನಾಲ್ಕು ರಾಗಿ ಕಾಳಿನ ತೂಕ. ಹೇಳಬೇಕಾಗಿದ್ದುದು ಹೆಕ್ಟೇರಿಗೆ 10 ಟನ್, ಎಕರೆಗೆ ಹೆಚ್ಚುಕಡಿಮೆ 40 ಕ್ವಿಂಟಲ್. ಪದಗಳೆಲ್ಲ ಶುದ್ಧ ಕನ್ನಡದಲ್ಲಿದ್ದುದರಿಂದ ಕರಡು ತಿದ್ದಿದವರ ಕಣ್ಣಿಗೂ ತಪ್ಪು ಬೀಳಲಿಲ್ಲ. ಹೊಲಕ್ಕೆ ಗೊಬ್ಬರ ಹೊತ್ತ ಯಾರಾದರೂ ಒಮ್ಮೆ ಓದಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ಆದ್ದರಿಂದ ಕೃಷಿ ಬರಹದಲ್ಲಿ ಮೆಗಾಗ್ರಾಂ ಎಂಬ ಪದವನ್ನೇ ಬಿಟ್ಟು, ಎಲ್ಲ ಕಡೆಯೂ ‘ಟನ್’ ಎಂದೇ ಬರೆಯಬೇಕು ಎನ್ನುತ್ತೇನೆ. ಇದಕ್ಕೆ ಯಾರದಾದರೂ ಆಕ್ಷೇಪವಿದೆಯೇ?

ಇನ್ನು ಹಳೆಯ ಅಳತೆಗಳ ಮಾತು. ಮಾಸಿಕದ ಸಂಪಾದಕರು ಖಂಡುಗದ ಲೆಕ್ಕವನ್ನೂ ಸೇರಿಸಿ ಎಂದಿದ್ದಾರೆ. ಪ್ರೀತಿಯಿಂದ ಕೇಳಿದ್ದಾರೆ, ಆದರೆ ನನ್ನ ಕೈ ಓಡುತ್ತಿಲ್ಲ. ಮಣ ಆಗಿದ್ದರೆ ಸುಲಭವಿತ್ತು. ಅದು ತೂಕ, 40 ಸೇರಿನ ಸರ್ಕಾರಿ ಮಣ 37.3242 ಕಿಲೋ ಎಂದು 1956ರ ಕಾಯಿದೆಯಲ್ಲೇ ಗೊತ್ತುಮಾಡಿದ್ದಾರೆ. ಖಂಡುಗ ಹಾಗಲ್ಲ. 20 ಕೊಳಗಕ್ಕೆ ಒಂದು ಖಂಡುಗ, ಸರಿ. ಆದರೆ ಕೊಳಗ ಎಂಬುದು ಪಾತ್ರೆ, ತುಂಬಿ ಸುರಿಯುವ ಅಳತೆ. ಹೊಟ್ಟು ಹೊದ್ದ ಭತ್ತದ ಖಂಡುಗಕ್ಕಿಂತ ರಾಗಿಯ ಖಂಡುಗ ಭಾರ. ಸಾಲದ್ದಕ್ಕೆ ‘ಖಂಡುಗದ ಗದ್ದೆ’ ಎಂದಾಗ ಅದೇ ಪದ ಬಿತ್ತನೆಯ ಲೆಕ್ಕದಲ್ಲಿ ನೆಲದ ಅಳತೆಯೂ ಆಗುತ್ತದೆ. ಅಮೆರಿಕದ ಬುಶೆಲ್ ಕೂಡ ಮೂಲದಲ್ಲಿ ಇಂಥದೇ ಪಾತ್ರೆ. ಅಲ್ಲಿ ಬೆಳೆಬೆಳೆಗೆ ಬೇರೆ ಬೇರೆ ತೂಕ ಕಟ್ಟಿಬಿಟ್ಟರು: ಗೋಧಿಗೆ 60 ಪೌಂಡ್, ಮೆಕ್ಕೆಜೋಳಕ್ಕೆ 56, ಓಟ್ಸ್‌ಗೆ 32. ಹಾಗಾಗಿ ಒಂದು ಟನ್ ಗೋಧಿ ಎಂದರೆ 36.74 ಬುಶೆಲ್, ಮೆಕ್ಕೆಜೋಳ ಎಂದರೆ 39.37. ಖಂಡುಗಕ್ಕೆ ಅಂಥ ಕಟ್ಟು ಇಲ್ಲದಿರುವಾಗ ನಾವಾಗಿಯೇ ಕಿಲೋ ಬರೆದು ಕೂರಿಸುವುದು ನ್ಯಾಯವಲ್ಲ.

ಬರೆಯುತ್ತ ಒಂದು ಪದ ಹೊಸದಾಗಿ ಕಂಡಿತು. ಪಠ್ಯಪುಸ್ತಕಗಳಲ್ಲಿ ‘ದ್ರವ್ಯರಾಶಿ’ ಎಂದು ಓದಿ ಬೆಳೆದವರು ನಾವು. ಆದರೆ ರಾಶಿ ಎಂದರೆ ಕಣದಲ್ಲಿ ತೂರಿ ಒಟ್ಟಿದ ಕಾಳಲ್ಲವೇ? ನಮ್ಮ ಕಣದಲ್ಲಿ ರಾಶಿಗೆ ಪೂಜೆ ಮಾಡಿ, ಪೂರ್ವಕ್ಕೆ ಮುಖ ಮಾಡಿ ಅಜ್ಜ ಕೊಳಗ ಅದ್ದುತ್ತಿದ್ದರು. ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು, ಆಮೇಲೆ ‘ಎರಡು’. ಎಷ್ಟು ವಸ್ತುವಿದೆ ಎಂಬುದನ್ನು ಹೇಳುವ ಶಾಸ್ತ್ರೀಯ ಪದದೊಳಗೂ ಆ ಕಾಳಿನ ಗುಡ್ಡೆ ಕೂತಿದೆ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಹಾಗಾಗಿ ತಮ್ಮಲ್ಲಿ ಕೇಳುವುದಿಷ್ಟು. ಟೆರಾಗ್ರಾಂ ಪದವನ್ನು ಪೂರ್ತಿ ಬಿಡಬೇಕೇ, ಅಥವಾ ಮೊದಲ ಸಲ ‘30 ಕೋಟಿ ಕ್ವಿಂಟಲ್ (30 ಟೆರಾಗ್ರಾಂ)’ ಎಂದು ಬರೆದು ಮುಂದೆ ಕ್ವಿಂಟಲ್ ಒಂದನ್ನೇ ಬಳಸಬಹುದೇ? ನನ್ನ ಒಲವು ಎರಡನೆಯದರ ಕಡೆಗಿದೆ. ಮತ್ತೊಂದು: ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೊಳಗವಿದ್ದರೆ, ಅದಕ್ಕೆ ರಾಗಿ ತುಂಬಿ ಒಮ್ಮೆ, ಭತ್ತ ತುಂಬಿ ಒಮ್ಮೆ ತೂಗಿ, ಯಾವ ಊರಿನದೆಂದು ಸೇರಿಸಿ ಬರೆಯುವಿರಾ? ತಲೆ ಗೀಚಿ ತುಂಬಿದ್ದೋ ಗೋಪುರವಾಗಿ ತುಂಬಿದ್ದೋ ಎಂಬುದನ್ನೂ ದಯವಿಟ್ಟು ತಿಳಿಸಿ.