ಟವರ್ ಇಲ್ಲದ ಏರ್‌ಪೋರ್ಟ್, ಕೆಳಗಿಳಿದ ಮೋಡ: ಹೋಲ್ಡ್‌ನಲ್ಲಿ 35 ನಿಮಿಷ ಯಾಕೆ?

ಶನಿವಾರದ ಪೈಲಟ್:
ನಾನು ವರ್ಜೀನಿಯಾದಲ್ಲಿದ್ದೇನೆ. ವಾರವೆಲ್ಲ ಕಂಪ್ಯೂಟರ್ ಕೆಲಸ, ಶನಿವಾರ ಬಾಡಿಗೆಯ ಸೆಸ್ನಾ 172. ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರುವ ಪರವಾನಗಿ, ಇನ್‌ಸ್ಟ್ರುಮೆಂಟ್ ರೇಟಿಂಗ್, ಸಿಕ್ಕಿ ಏಳು ತಿಂಗಳಾಯಿತು.

ಹೋದ ವಾರ ಕಂಟ್ರೋಲ್ ಟವರ್ ಇಲ್ಲದ ಒಂದು ಸಣ್ಣ ಏರ್‌ಪೋರ್ಟ್‌ಗೆ ಹೊರಟಿದ್ದೆ. ಮೋಡ 600 ಅಡಿಗೆ ಇಳಿದಿತ್ತು. ನನಗಿಂತ ಮುಂಚೆ ಒಬ್ಬರು ಅಪ್ರೋಚ್, ಅಂದರೆ ರನ್‌ವೇ ಕಡೆಗೆ ಇಳಿಯುವುದು, ಶುರು ಮಾಡಿದ್ದರು. ದೂರದ ಕೇಂದ್ರದಲ್ಲಿ ಕೂತ ಕಂಟ್ರೋಲರ್ ನನ್ನನ್ನು ಹೋಲ್ಡ್‌ಗೆ ಹಾಕಿದರು, ಅಂದರೆ ಒಂದೇ ಕಡೆ ಸುತ್ತುತ್ತಾ ಕಾಯಲು ಹೇಳಿದರು. ಬೆಳ್ಳಗಿನ ಮೋಡದೊಳಗೆ 35 ನಿಮಿಷ ಸುತ್ತಿದೆ. ಪಕ್ಕದಲ್ಲಿ ಹೆಂಡತಿ ಮಾತೇ ಆಡಲಿಲ್ಲ, ಇಂಧನದ ಮುಳ್ಳನ್ನೇ ನೋಡುತ್ತಿದ್ದಳು. ಕೊನೆಗೆ ಗೊತ್ತಾಗಿದ್ದು, ಆ ವಿಮಾನ ಇಳಿದು ಆಗಲೇ 25 ನಿಮಿಷ ಆಗಿತ್ತು. ಐಎಫ್‌ಆರ್ (ಕಂಟ್ರೋಲರ್ ನಿಗಾದಲ್ಲಿ ಉಪಕರಣ ನೋಡಿ ಹಾರುವ ಪ್ಲಾನ್) ಕ್ಯಾನ್ಸಲ್ ಮಾಡಲು, ಅಂದರೆ ಇಳಿದೆ ಅಂತ ಕಂಟ್ರೋಲರ್‌ಗೆ ತಿಳಿಸಲು, ಆ ಪೈಲಟ್ ಮರೆತಿದ್ದರು.

ರನ್‌ವೇ ಖಾಲಿ, ಮೇಲೆ ನಾನು. ಪ್ರತಿ ಊರಿಗೂ ಟವರ್ ಕಟ್ಟಲು ಆಗಲ್ಲ, ಒಪ್ಪುತ್ತೇನೆ. ಆದರೆ ಇದಕ್ಕೆ ಬೇರೆ ದಾರಿ ಇಲ್ವಾ?

ಹಳೇ ಇನ್‌ಸ್ಟ್ರಕ್ಟರ್:
ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಕಂಟ್ರೋಲರ್ ಮಾಡಿದ್ದು ಸರಿ. ಅಂಥ ಕಡೆ ನೆಲದ ಹತ್ತಿರ ರೇಡಾರ್ ಕಾಣುವುದಿಲ್ಲ, ರೇಡಿಯೋ ಕೂಡ ಎಷ್ಟೋ ಸಲ ಮುಟ್ಟುವುದಿಲ್ಲ. ಮೊದಲು ಹೋದವರು ಇಳಿದರೋ, ರನ್‌ವೇ ಕಾಣದೆ ಮತ್ತೆ ಮೇಲೇರುತ್ತಿದ್ದಾರೋ ಕಂಟ್ರೋಲರ್‌ಗೆ ಗೊತ್ತಿಲ್ಲ. ಅದಕ್ಕೇ ಒಬ್ಬರ ಸುದ್ದಿ ಬರುವ ತನಕ ಇನ್ನೊಬ್ಬರನ್ನು ಬಿಡುವುದಿಲ್ಲ. ಟವರ್ ಇದ್ದರೆ ವಿಮಾನ ಇಳಿದದ್ದನ್ನು ಅಲ್ಲಿನವರೇ ನೋಡಿ ಪ್ಲಾನ್ ಮುಗಿಸುತ್ತಾರೆ. ಅಮೆರಿಕದಲ್ಲಿ ಜನ ಬಳಸುವ ಏರ್‌ಪೋರ್ಟ್ ಸುಮಾರು 5,000, ಟವರ್ ಇರುವುದು ಸುಮಾರು 500ರಲ್ಲಿ ಮಾತ್ರ.

ನಾಸಾದವರು ಇದಕ್ಕೇ ಕೈಹಾಕಿದ್ದರು. 2005ರ ಜೂನ್‌ನಲ್ಲಿ ನಿಮ್ಮದೇ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಮಾಡಿ ತೋರಿಸಿದರು. ಏರ್‌ಪೋರ್ಟ್‌ನಲ್ಲಿ ಒಂದು ಕಂಪ್ಯೂಟರ್ ಯಾರ ಹಿಂದೆ ಯಾರು ಅಂತ ಸರದಿ ಕೊಡುತ್ತದೆ. ಪೈಲಟ್‌ಗಳು ಎಡಿಎಸ್-ಬಿ (ಪ್ರತಿ ವಿಮಾನವೂ ತಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ದೂರ ಕಾಯ್ದುಕೊಳ್ಳುತ್ತಾರೆ. ಒಂದೇ ಸಲಕ್ಕೆ ಹಲವರು ಬರಬಹುದು. ನನಗೆ ಬಹಳ ಹಿಡಿಸಿದ ಯೋಚನೆ ಅದು. ಆ ಕಂಪ್ಯೂಟರ್ ನಮ್ಮ ಸಣ್ಣ ಏರ್‌ಪೋರ್ಟ್‌ಗಳಿಗೆ ಬರಲೇ ಇಲ್ಲ, ಈಗಲೂ ಬೇಸರವಿದೆ.

ಸದ್ಯಕ್ಕೆ ಬೇಕಿರುವುದು ಇಳಿದ ಸುದ್ದಿ ಬೇಗ ಮುಟ್ಟುವುದು. ಕೆಲವು ಕಡೆ ನೆಲದಲ್ಲೇ ಒಂದು ರೇಡಿಯೋ ಪೆಟ್ಟಿಗೆ ಇರುತ್ತದೆ. ಮೈಕ್ ನಾಲ್ಕು ಸಲ ಒತ್ತಿದರೆ ಫೋನ್ ಲೈನ್ ಮೂಲಕ ಕಂಟ್ರೋಲರ್ ಸಿಗುತ್ತಾರೆ. ಅದಿಲ್ಲದಿದ್ದರೆ ಮೊಬೈಲ್. ನನ್ನ ಶಿಷ್ಯರಿಗೆ ಒಂದೇ ಮಾತು: ರನ್‌ವೇ ಗೆರೆ ದಾಟಿ ನಿಲ್ಲಿ, ಫೋನ್ ಮಾಡಿ, ಆಮೇಲೆ ಪಾರ್ಕಿಂಗ್.

ಜಕ್ಕೂರು ಹುಡುಗ:
ಸರ್, ನಮ್ಮ ಭಾರತದಲ್ಲಿ ಗಗನ್ ಇದೆ, ಜಿಪಿಎಸ್ ಅನ್ನು ಇನ್ನಷ್ಟು ನಿಖರ ಮಾಡುವ ಉಪಗ್ರಹ ವ್ಯವಸ್ಥೆ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಅದನ್ನೇ ನಂಬಿ ಇಳಿಯಿತು. ರನ್‌ವೇ ಪಕ್ಕ ನಿಂತು ರೇಡಿಯೋದಿಂದ ದಾರಿ ತೋರಿಸುವ ಐಎಲ್‌ಎಸ್ ಉಪಕರಣ ಬೇಡ, ಉಪಗ್ರಹ ಸಾಕು. ಸಣ್ಣ ಊರಿಗೆ ಇಷ್ಟಿದ್ದರೆ ಸಾಲದಾ?

ಹಳೇ ಇನ್‌ಸ್ಟ್ರಕ್ಟರ್:
ಅರ್ಧ ಕೆಲಸ ಆಗುತ್ತದೆ, ತಮ್ಮಾ. ಅಮೆರಿಕದಲ್ಲಿ ಅದೇ ಥರದ ಉಪಗ್ರಹ ವ್ಯವಸ್ಥೆ, ವಾಸ್, 2003ರಿಂದ ಇದೆ. ಒಳ್ಳೆಯ ರನ್‌ವೇಗೆ, ಅದು ಇನ್ನೂ ಕಾಣದಿದ್ದರೂ, 200 ಅಡಿ ತನಕ ಇಳಿಯಬಹುದು. ಆದರೆ ರನ್‌ವೇ ಮುಂದೆ ದಾರಿ ತೋರುವ ಅಪ್ರೋಚ್ ಲೈಟ್ ಸಾಲು ಇಲ್ಲದಿದ್ದರೆ ಜಾಸ್ತಿ ದೂರ ಕಾಣಲೇಬೇಕು. ರನ್‌ವೇ ತುದಿಯಲ್ಲಿ ಮರ ಬೆಳೆದರೆ ರಾತ್ರಿ ಆ ಅಪ್ರೋಚ್ ಬಂದ್ ಆಗಿಬಿಡಬಹುದು. ಮರ ಕಡಿಸುವುದು, ದೀಪ ಹಾಕಿಸುವುದು, ಹವಾಮಾನ ಹೇಳುವ ಯಂತ್ರ ಎವಾಸ್ ಕೆಡದಂತೆ ನೋಡಿಕೊಳ್ಳುವುದು, ಇದೆಲ್ಲ ನೆಲದ ಕೆಲಸ. ಅದಕ್ಕೆ ಊರಿನವರೇ ಬೆನ್ನು ಹತ್ತಬೇಕು.

ಶನಿವಾರದ ಪೈಲಟ್:
ತುಂಬಾ ಥ್ಯಾಂಕ್ಸ್ ಸರ್. ಇವತ್ತು ಆ ಏರ್‌ಪೋರ್ಟ್ ಮ್ಯಾನೇಜರ್ ಜೊತೆ ಮಾತಾಡಿದೆ. ರೇಡಿಯೋ ಪೆಟ್ಟಿಗೆಗೆ ದುಡ್ಡಿಲ್ಲ ಅಂದರು. ಟ್ಯಾಕ್ಸಿವೇ ಪಕ್ಕ ದೊಡ್ಡ ಬೋರ್ಡ್ ಹಾಕಲು ಒಪ್ಪಿದ್ದಾರೆ: ‘ಐಎಫ್‌ಆರ್ ಕ್ಯಾನ್ಸಲ್ ಮಾಡಿದಿರಾ?’, ಕೆಳಗೆ ಕಂಟ್ರೋಲರ್ ನಂಬರ್. ಶನಿವಾರ ನಾನೇ ಹೋಗಿ ನಿಲ್ಲಿಸುತ್ತೇನೆ.