ಈ ವಾರದ ಸಮಸ್ಯೆ: ಸಾಯದವನಿಗೆ ಸಾವೆ ವರವಾಯ್ತು

ಶಿರಸಿಯಿಂದ, ಸಮಸ್ಯೆ ಕೊಟ್ಟವನು:
ತೋಟಕ್ಕೆ ಮದ್ದು ಹೊಡೆಯೋಣ ಅಂದ್ರೆ ಮಳೆ ಹೊಳವಾಗುತ್ತಿಲ್ಲ. ಸುಮ್ನೆ ಕೂತು ಆಕಾಶ ನೋಡುವ ಬದಲು ಒಂದು ಸಮಸ್ಯೆ ಬಿಡಿಸೋಣ, ಕೊಟ್ಟ ಸಾಲಿಗೆ ಹೊಂದುವ ಹಾಗೆ ಉಳಿದ ಪದ್ಯ ಕಟ್ಟೋಣ. ಭಾಮಿನಿ ಷಟ್ಪದಿ, ಮೂರು-ನಾಲ್ಕರ ನಡೆ. ಚಿಕ್ಕ ಸಾಲಿಗೆ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿಗೆ 21, ಮೇಲೊಂದು ಗುರು. ಆರನೇ ಸಾಲಿನ ಬಾಲ ನಾನು ಕೊಟ್ಟಿದ್ದೇನೆ. ಅದರ ಮೊದಲ 7 ಮಾತ್ರೆ ನಿಮ್ಮದು, ಪ್ರಾಸವೂ ನಿಮ್ಮದೇ. ಕೊಟ್ಟ ಸಾಲನ್ನು ಮಾತ್ರ ಮುಟ್ಟುವ ಹಾಗಿಲ್ಲ.

ಕುಮಟೆಯ ಭಾವ:
ಅಶ್ವತ್ಥಾಮ! ಬೇರೆ ಯಾರು? ಎರಡು ಸಾಲು ಆಯ್ತು, ಉಳಿದದ್ದು ಊಟದ ಮೇಲೆ.

ಹಣೆಯ ಮಣಿಯನು ಕಳೆದುಕೊಂಡನು
ಮೂರು ಸಾವಿರ ವರ್ಷ ಅಲೆದನು

ಶಿರಸಿಯಿಂದ:
ಭಾವ, ಮಾತ್ರೆ ಸರಿ ಇದೆ. ಪ್ರಾಸ ಎಲ್ಲಿ ಹೋಯ್ತು? ಎರಡನೇ ಅಕ್ಷರ ಮೇಲೆ ‘ಣ’, ಕೆಳಗೆ ‘ರ’. ಅದಕ್ಕಿಂತ ದೊಡ್ಡ ತೊಡಕು ಕತೆಯಲ್ಲೇ ಇದೆ. ಅವನು ಚಿರಂಜೀವಿ. ಸಾವು ಸಿಕ್ಕಿಯೇ ಇಲ್ಲ, ಇನ್ನು ವರ ಆಗುವುದು ಹೇಗೆ? ಭೀಷ್ಮನೂ ಬೇಡ. ಅವನಿಗೆ ಸಾಯುವ ಹೊತ್ತು ಅವನ ಕೈಲಿತ್ತು ಅಷ್ಟೇ, ಸಾಯದವನಲ್ಲ.

ಹೊನ್ನಾವರದ ಮಾಸ್ತರರು:
ವೈಕುಂಠದ ಬಾಗಿಲಿಗೆ ಹೋಗಿ ನೋಡಿದೆ.

ಬಾಗಿಲನು ಕಾದಿದ್ದ ಜಯನಿಗೆ
ಯೋಗಿಗಳ ಕಡು ಶಾಪ ಬಡಿಯಲು
ಬೇಗ ಬರುವೆನು ಮೂರು ಜನುಮದಿ ಹಗೆಯ ವೇಷದಲೇ
ಆಗಲೆಂದನು ಹರಿಯು ನಗುತಲಿ
ನೀಗಿ ಮೂರೂ ದೇಹ ಮರಳಿದ
ಹೀಗೆ ನೋಡಿರಿ ಸಾಯದವನಿಗೆ ಸಾವೆ ವರವಾಯ್ತು

ಹರಿಕಥೆಯಲ್ಲಿ ಕೇಳಿದ್ದೀರಲ್ಲ, ಏಳು ಜನ್ಮ ಭಕ್ತನಾಗಿ ಬರುತ್ತೀಯೋ, ಮೂರು ಜನ್ಮ ವೈರಿಯಾಗಿ ಬರುತ್ತೀಯೋ ಅಂತ. ಶಾಪ ತಪ್ಪಲಿಲ್ಲ. ದಾರಿ ಆರಿಸಿಕೊಂಡವನು ಅವನೇ.

ಗೋಕರ್ಣದವರು:
ಮಾಸ್ತರೇ, ಆ ಜಯನೇ ಅಲ್ವಾ ನಡುವಿನ ಜನ್ಮದಲ್ಲಿ ರಾವಣ? ನಮ್ಮೂರ ಗಣಪತಿ ಆತ್ಮಲಿಂಗವನ್ನು ನೆಲಕ್ಕಿಡದಿದ್ದರೆ ಅದು ಲಂಕೆ ಸೇರುತ್ತಿತ್ತು. ರಾವಣ ಸಾಯುತ್ತಿರಲಿಲ್ಲ, ನಿಮ್ಮ ಜಯ ಹೊರಗೇ ಉಳಿಯುತ್ತಿದ್ದ. ಅವನನ್ನು ಮನೆ ಮುಟ್ಟಿಸಿದ್ದಕ್ಕೆ ಗಣಪತಿಗೆ ಸಿಕ್ಕಿದ್ದು ತಲೆಗೊಂದು ಗುದ್ದು. ಗುಳಿ ಈಗಲೂ ಇದೆ, ಬಂದು ನೋಡಿ.

ಸಿದ್ದಾಪುರದ ಅಕ್ಕ:
ಪದ್ಯ ಚೆಂದ. ‘ಹೀಗೆ ನೋಡಿರಿ’ ಮಾತ್ರ 7 ಮಾತ್ರೆ ತುಂಬಿಸಲು ಬಂದ ಕೂಲಿ ಆಳು.

ಹೊನ್ನಾವರದ ಮಾಸ್ತರರು:
ಒಪ್ಪಿದೆ. ‘ಗ’ಕಾರಕ್ಕೆ ಬೇರೇನೂ ಹೊಳೆಯಲಿಲ್ಲ ಮಾರಾಯ್ತಿ.

ಕಾರವಾರದ ತಂಗಿ:
ನನ್ನದು ನಮ್ಮ ಪುರಾಣದ ಕತೆ ಅಲ್ಲ. ಇಂಗ್ಲಿಷ್ ಲೇಖಕ ಟೋಲ್ಕಿನ್ ಕಟ್ಟಿದ ಪುರಾಣದ್ದು. ಅಲ್ಲಿ ಎಲ್ವ್ ಅಂತ ಒಂದು ಕುಲ. ಮುಪ್ಪಿಲ್ಲ. ಕೊಂದರೂ ಲೋಕ ಬಿಟ್ಟು ಹೋಗುವಂತಿಲ್ಲ, ಅದು ಇರುವವರೆಗೂ ಅದಕ್ಕೇ ಕಟ್ಟುಬಿದ್ದವರು. ಮನುಷ್ಯರಿಗೆ ಮಾತ್ರ ಸಾವುಂಟು, ಅದು ದೇವರ ಕೊಡುಗೆ. ಲೂಥಿಯನ್ ಎಲ್ವ್ ಹುಡುಗಿ, ಅವಳ ನಲ್ಲ ಬೆರೆನ್ ಮನುಷ್ಯ.

ಹಾಡಿ ಕರಗಿಸಿ ಯಮನ ಮನವನು
ಬೇಡಿ ಪಡೆದಳು ನಲ್ಲನುಸಿರನು
ಬಾಡದಿಹ ಹರೆಯವನು ತೊರೆದಳು ನರನ ಜೊತೆಗಾಗಿ
ಕೂಡಿ ಬಾಳಿದಳೊಂದು ಬಾಳನು
ಕಾಡಿನೆಲೆಯೊಲು ಉದುರಿ ಹೋದಳು
ಕೇಡಿದಲ್ಲವು ಸಾಯದವಳಿಗೆ ಸಾವೆ ವರವಾಯ್ತು

ಒಂದೇ ಒಂದು ಅಕ್ಷರ ಬದಲಿಸಿದ್ದೇನೆ, ಅಣ್ಣ. ‘ನಿ’ಗೂ ಒಂದು ಮಾತ್ರೆ, ‘ಳಿ’ಗೂ ಒಂದೇ.

ಶಿರಸಿಯಿಂದ:
ಮುಟ್ಟಬೇಡಿ ಅಂದದ್ದು ಅದನ್ನೇ! ಕಷ್ಟ ಬಂದಲ್ಲಿ ಸಾಲನ್ನೇ ತಿದ್ದಿದರೆ ಅದು ಸಮಸ್ಯೆ ಹೇಗಾಯ್ತು?

ಸಿದ್ದಾಪುರದ ಅಕ್ಕ:
ಸಾಯದವರೆಲ್ಲ ಗಂಡಸರೇ ಅಂತ ನೀನು ಕೊಟ್ಟದ್ದೇ ಮೊದಲ ತಪ್ಪು, ತಮ್ಮ. ಆದರೆ ತಂಗಿ, ಇದು ನಮ್ಮ ಸಾವಿತ್ರಿಯ ಕತೆಯೇ ಅಲ್ವಾ?

ಕಾರವಾರದ ತಂಗಿ:
ಅಲ್ಲ ಅಕ್ಕ. ಸಾವಿತ್ರಿ ಹೇಗಿದ್ದರೂ ಸಾಯುವವಳು, ಗಂಡನನ್ನು ಸಾವಿನಿಂದ ಎಳೆದು ತಂದಳು. ಇವಳು ತಾನೇ ಸಾವಿನ ಕಡೆ ನಡೆದಳು. ಬೆರೆನ್ ಇಲ್ಲದೆ ದೇವರ ನಾಡಲ್ಲಿ ಸುಖವಾಗಿ ಇರು, ಇಲ್ಲವೇ ಅವನ ಜೊತೆ ಮರಳಿ ಹೋಗಿ ಅವನ ಹಾಗೇ ಸಾಯು ಅಂತ ಅವಳ ಮುಂದೆ ಎರಡು ದಾರಿ ಇಟ್ಟರು.

ಸಿದ್ದಾಪುರದ ಅಕ್ಕ:
ಮಗ ಅದನ್ನು ಇಂಗ್ಲಿಷಿನಲ್ಲಿ ಓದಿದ್ದಾನೆ, ಪಕ್ಕದಲ್ಲೇ ಕೂತಿದ್ದಾನೆ. ಅವನದೊಂದು ಪ್ರಶ್ನೆ. ಆ ಪುರಾಣದಲ್ಲಿ ಲೋಕ ಹುಟ್ಟುವ ಮೊದಲೇ ಒಂದು ಸಂಗೀತ ಆಗಿದೆಯಂತೆ. ಮನುಷ್ಯರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಆ ಸಂಗೀತವೇ ವಿಧಿಯಂತೆ. ಲೂಥಿಯನ್ ಮನುಷ್ಯಳಲ್ಲ. ಹಾಗಾದರೆ ಸಾವನ್ನು ಆರಿಸಿದ್ದು ಅವಳೋ, ಆ ಹಾಡೋ?

(ಇಲ್ಲಿ ಅರ್ಧ ಗಂಟೆ ಯಾರದೂ ಮಾತಿಲ್ಲ. ಕುಮಟೆಯ ಭಾವ ಊಟ ಮುಗಿಸಿ ಮಲಗಿರಬೇಕು.)

ಹೊನ್ನಾವರದ ಮಾಸ್ತರರು:
ನಾನು ತಾಳಮದ್ದಳೆಯಲ್ಲಿ ಕೂತವನು, ಅದರಲ್ಲೇ ಹೇಳುತ್ತೇನೆ. ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು. ಕರ್ಣಪರ್ವದಲ್ಲಿ ಕರ್ಣ ಗೆದ್ದದ್ದು ಯಾವ ಊರಲ್ಲೂ ಇಲ್ಲ. ಆದರೆ ಅರ್ಥ, ಅಂದರೆ ಪಾತ್ರ ವಹಿಸಿ ಕೂತವರು ಆಡುವ ಮಾತು, ಬರೆದಿಟ್ಟದ್ದಲ್ಲ. ಒಂದು ರಾತ್ರಿ ಕರ್ಣ ಅಳುತ್ತಾ ಹೋಗುತ್ತಾನೆ, ಇನ್ನೊಂದು ರಾತ್ರಿ ಕೃಷ್ಣನನ್ನೇ ತಬ್ಬಿಬ್ಬು ಮಾಡಿ ಹೋಗುತ್ತಾನೆ. ಎರಡಕ್ಕೂ ಪದ್ಯ ಒಂದೇ.

ಸಿದ್ದಾಪುರದ ಅಕ್ಕ:
ಅರ್ಥಧಾರಿ ಎಷ್ಟೇ ಮಾತಾಡಲಿ ಮಾಸ್ತರೇ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಬಾಯಿ ಮುಚ್ಚಬೇಕು.

ಕಾರವಾರದ ತಂಗಿ:
ಲೂಥಿಯನ್ ಹಾಡಿದಾಗ ಭಾಗವತರೇ ನಿಂತರು ಅಕ್ಕ. ಅಲ್ಲಿನ ಯಮ, ಮಾಂಡೋಸ್, ಕರಗಿದ್ದು ಅದೊಂದೇ ಸಲ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅವನ ಕೈಲೂ ತೀರ್ಪು ಇರಲಿಲ್ಲ, ಮೇಲಿನವರನ್ನು ಕೇಳಿಸಬೇಕಾಯ್ತು. ಆ ಹಾಡೂ ಮೊದಲ ಸಂಗೀತದಲ್ಲೇ ಇತ್ತೋ ಏನೋ, ಇದ್ದರೂ ಹಾಡಿದ ಗಂಟಲು ಅವಳದೇ ತಾನೇ?

ಇನ್ನೊಂದು ಮಾತು. ಈ ಕತೆ ಸಿಲ್ಮರಿಲಿಯನ್ ಪುಸ್ತಕದಲ್ಲಿದೆ. ಅದು ಅಚ್ಚಾದದ್ದು 1977ರಲ್ಲಿ, ಟೋಲ್ಕಿನ್ ತೀರಿಕೊಂಡು 4 ವರ್ಷದ ಮೇಲೆ. ಹೆಂಡತಿ ಈಡಿತ್ 1971ರಲ್ಲೇ ಹೋಗಿದ್ದರು. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಕಲ್ಲು. ಈಡಿತ್ ಹೆಸರಿನ ಕೆಳಗೆ ಲೂಥಿಯನ್ ಅಂತ ಕೆತ್ತಿದೆ, ಅವರ ಹೆಸರಿನ ಕೆಳಗೆ ಬೆರೆನ್.

ಶಿರಸಿಯಿಂದ:
ನಿಯಮ ನಿಯಮವೇ, ಈ ವಾರದ ವೀಳ್ಯ ಮಾಸ್ತರರಿಗೆ. ತಂಗಿ, ನಿನ್ನ ಪದ್ಯವನ್ನು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ‘ಳಿ’ ಹಾಗೇ ಇದೆ.

ಮುಂದಿನ ವಾರಕ್ಕೆ ಆರನೇ ಸಾಲನ್ನು ಪೂರ್ತಿ ಕೊಡುತ್ತೇನೆ. ಗಂಡು-ಹೆಣ್ಣಿನ ಜಗಳ ಬೇಡ:

ಹೊಳೆಯು ಹಿಂದಕೆ ಹರಿದು ಬೆಟ್ಟವನೇರಿ ಕುಳಿತಿತ್ತು

ಪ್ರಾಸ ‘ಳ’, ಮೊದಲಕ್ಷರ ಲಘು.

ಕುಮಟೆಯ ಭಾವ:
ಈಗ ಎದ್ದೆ. ಉಬ್ಬರದ ಹೊತ್ತಿಗೆ ಅಘನಾಶಿನಿ ಹಿಂದಕ್ಕೆ ಹರಿಯುವುದನ್ನು ದಿನಾ ನೋಡುತ್ತೇನೆ. ಅರ್ಧ ಸಮಸ್ಯೆ ಬಿಡಿಸಿದ ಹಾಗೇ ಆಯ್ತು. ಬೆಟ್ಟ ಹತ್ತಿಸುವ ಕೆಲಸ ಘಟ್ಟದ ಮೇಲಿನವರು ನೋಡಿಕೊಳ್ಳಲಿ.